ಸಗಣಿ ಬಿರಿದರೆ

ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುತ್ತಿದ್ದ ಹಳೇ ವಖಾರ ಕೆಡವಲು ಬಂದ ಗುತ್ತಿಗೆದಾರ ಅಮೋಲನನ್ನು ಸಕ್ಕುಬಾಯಿ ಮೊದಲ ದಿನದಿಂದಲೇ ನಂಬಲಿಲ್ಲ. ಮಾತಿಗೊಮ್ಮೆ ‘ಮಾವಶಿ’ ಎಂದು ಚಿಕ್ಕಮ್ಮನ ವರಸೆ ಹಚ್ಚುವವನನ್ನು ನಂಬಿ ಯಾರು ಉದ್ಧಾರವಾಗಿದ್ದಾರೆ? ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ! ವಖಾರದ ಹಿಂದಿನ ಗೋಡೆಯೇ ಇವಳ ಅಂಗಳದ ಗೋಡೆ. ಅದರ ಬುಡದಲ್ಲೇ ಆಡು ಕಟ್ಟುವ ಗೂಟ, ಮೊಮ್ಮಗಳ ತೊಟ್ಟಿಲು. ಒಂದೇ ಖೋಲಿಯ ಮನೆಗೆ ಬೇರೆ ಜಾಗ ಎಲ್ಲಿಂದ ತರಬೇಕು? ಆ ಕಡೆ ಜೆಸಿಬಿ ಗುದ್ದಿದಾಗೆಲ್ಲ ಈ ಕಡೆ ಮಣ್ಣು ಉದುರುತ್ತಿತ್ತು. ಅಡ್ಡಕ್ಕೆ ಒಂದು ತಗಡಿಲ್ಲ, ಕಾವಲಿಗೆ ಒಬ್ಬ ಆಳಿಲ್ಲ.

“ಗೋಡಿ ಸೀಳೇತಿ, ಕಣ್ಣ ಕಾಣಂಗಿಲ್ಲೇನೋ?”

“ಹಳೇ ಸೀಳ್ರಿ ಮಾವಶಿ. ಬಿದ್ರೂ ನಮ್ಮ ಕಡೆನ ಬೀಳತೈತಿ.”

“ನಿನ್ನ ಮಾತ ಕೇಳಾಕ ಗೋಡಿ ಏನ್ ನೀ ಸಾಕಿದ ನಾಯೇನು?”

ತನ್ನ ಕಡೆಯ ಸೀಳಿನ ಮೇಲೆ ಅವಳು ಮಣ್ಣು ಕಲಸಿದ ಸಗಣಿ ಮೆತ್ತಿದಳು. ಗೋಡೆ ಅಲುಗಿದರೆ ಅದು ಬಿರಿಯುತ್ತದೆ; ಅಪ್ಪ ಕಲಿಸಿದ ವಿದ್ಯೆ. “ಬಿರಿದ್ರ ಮಷೀನ್ ಬಂದ್. ದೇವರಾಣಿ,” ಎಂದ ಅಮೋಲ.

ಮೂರು ದಿನ ಸಗಣಿ ಬಿರಿಯಲಿಲ್ಲ. ದಿನಾ ಬೆಳಗ್ಗೆ ಅಮೋಲ ಆ ಕಡೆಯಿಂದಲೇ ಗೋಡೆಯ ಮೇಲೆ ಇಣುಕಿ ನೋಡಿ, ನಕ್ಕು, ಮಷೀನ್ ಹಚ್ಚಿಸುತ್ತಿದ್ದ. ಮೂರನೆಯ ದಿನ ಆಡು ಮೇಯಿಸಿ ಬಂದ ಸಕ್ಕುಬಾಯಿ ಸುಮ್ಮನೆ ಬೆರಳಿಟ್ಟು ನೋಡಿದಳು. ಬೆರಳು ಒಳಗಿಳಿಯಿತು. ಇಂಥ ಬಿಸಿಲಿಗೆ ಮೂರು ದಿನದ ಸಗಣಿ ಹಸಿ ಇರುತ್ತದೆಯೇ? ಕಳ್ಳ ಭಾಡ್ಯಾ ಅಮೋಲ, ಬಿರಿದದ್ದನ್ನು ಮೆತ್ತಿ ಮೆತ್ತಿ ಮುಚ್ಚುತ್ತಿದ್ದಾನೆ! ಸುದ್ದಿ ಅವನ ಕಿವಿಗೆ ಬಿದ್ದೀತೆಂದು ಮನೆಯಲ್ಲೂ ಬಾಯಿ ಬಿಡಲಿಲ್ಲ.

ಮರುದಿನ ನಸುಕಿನಲ್ಲೇ ಮೇವಿನ ಬಣವೆಯ ಹಿಂದೆ ಅಡಗಿ ಕೂತಳು. ಸ್ವಲ್ಪ ಹೊತ್ತಿಗೆ ಒಂದು ಕೈ ಬಿರಿದ ಸಗಣಿಯನ್ನು ಕೆರೆದು ಹೊಸದನ್ನು ಮೆತ್ತತೊಡಗಿತು. ಕೈತುಂಬ ಹಸಿರು ಬಳೆ. ಸೊಸೆ ಉಜ್ವಲಾ!

“ಏನ್ ಮಾಡಾಕತ್ತೀಯೇ?”

ಉಜ್ವಲಾ ಬೆಚ್ಚಿಬಿದ್ದಳು. “ದಿನಾ ಬಿರೀತೈತ್ರಿ ಅತ್ತಿ. ನೀವು ಮೆತ್ತಿದ್ದು ಕೆಟ್ಟೈತಿ ಅಂತ ಎಲ್ಲಿ ಬೈತೀರೋ ಅಂತ, ಅಂಗಳ ಸಾರಸೂ ಮುಂದ ಇದನ್ನೂ ಸಾರಸ್ತೀನ್ರಿ.”

ಸಗಣಿ ಯಾಕೆ ಮೆತ್ತಿದ್ದೆಂದು ಸಕ್ಕುಬಾಯಿ ಗುತ್ತಿಗೆದಾರನಿಗೆ ಹೇಳಿದ್ದಳು, ಸೊಸೆಗೆ ಮಾತ್ರ ಹೇಳಿರಲಿಲ್ಲ. ಅಷ್ಟರಲ್ಲಿ ಆ ಕಡೆ ಜೆಸಿಬಿ ಗುರುಗುಟ್ಟಿತು. ಕಣ್ಣೆದುರೇ ಹಸಿ ಸಗಣಿ ಅಡ್ಡಡ್ಡ ಸೀಳಿತು.

“ಕೂಸಿನ ಎತ್ತಲೇ!”

ಸಕ್ಕುಬಾಯಿ ಕುಡುಗೋಲಿನಿಂದ ಆಡುಗಳ ಹಗ್ಗ ಕೊಯ್ದಳು. ಎಲ್ಲರೂ ಓಣಿಗೆ ಬೀಳುವುದಕ್ಕೂ ಗೋಡೆ ಕುಸಿಯುವುದಕ್ಕೂ ಸರಿಹೋಯಿತು. ಧೂಳು ಇಳಿದಾಗ ತೊಟ್ಟಿಲ ಒಂದು ಕಾಲಷ್ಟೇ ಕಾಣುತ್ತಿತ್ತು.

ಅಮೋಲ ಬಿಳಿಚಿಕೊಂಡು ಓಡಿ ಬಂದ. “ಸಗಣಿ ಬಿರಿದಿದ್ದಿಲ್ಲಲ್ರಿ ಮಾವಶಿ! ದಿನಾ ನಾನ ನೋಡೇನಿ. ಈ ಸಗಣಿ ಇನ್ನೂ ಹಸಿ ಐತಿ, ಮ್ಯಾಲ ಯಾರ್ ಮೆತ್ತಿದ್ರು?”

ಓಣಿಯೆಲ್ಲ ನೆರೆದಿತ್ತು. ಉಜ್ವಲಾ ಸಗಣಿಯ ಕೈಯನ್ನು ಸೆರಗಿನಲ್ಲಿ ಮುಚ್ಚಿದಳು. ಸಕ್ಕುಬಾಯಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನಾನ ಮೆತ್ತೇನಿ,” ಎಂದಳು. “ತಪ್ಪು ನಂದ. ಆದ್ರ ಗೋಡಿ ಕೆಡವಾಂವ ನೀ. ಮುದುಕಿ ಸಗಣಿ ನಂಬಿ ಮಷೀನ್ ಬಿಟ್ಟಿ, ಒಮ್ಮೆರ ಈ ಕಡೆ ಬಂದು ಗೋಡಿ ನೋಡಿದ್ದೇನು?”