ಕೇಳಿದವರ ಹೆಸರು

"ಆ ಕುರ್ಚಿ ಬೇಡ ಮೇಡಂ, ಈ ಕಡೆ ಕೂತ್ಕೊಳಿ," ಎಂದರು ಶೇಷಮ್ಮ.

ಕೂರಲು ಅರ್ಧ ಬಗ್ಗಿದ್ದ ವಿದ್ಯಾಶ್ರೀ ತಟ್ಟನೆ ಎದ್ದು ಪಕ್ಕದ ಮಂಚದ ಅಂಚಿಗೆ ಸರಿದಳು. ಪ್ಲಾಸ್ಟಿಕ್ ವೈರು ಹೆಣೆದ ಹಳೆಯ ಕಬ್ಬಿಣದ ಕುರ್ಚಿ ಅದು. ಕೂತು ಕೂತು ಹೆಣಿಗೆ ನಡುವೆ ಜಗ್ಗಿಹೋಗಿತ್ತು. ನೀರು ತರಲು ಹೊರಟ ಶೇಷಮ್ಮ ಅದರ ಮುಂದಿನಿಂದ ಹಾಯಲಿಲ್ಲ. ಗೋಡೆಗೂ ಕುರ್ಚಿಗೂ ನಡುವಿನ ಇಕ್ಕಟ್ಟಿನಲ್ಲಿ ಸೀರೆ ಒತ್ತಿ ಹಿಡಿದು, ಹಿಂದಿನಿಂದ ಸುತ್ತಿಕೊಂಡು ಅಡುಗೆಮನೆಗೆ ಹೋದರು.

ಶಿವಮೊಗ್ಗದ ಗೋಪಾಳದಿಂದ ಎರಡು ಬಸ್ಸು ಹತ್ತಿ ಭದ್ರಾವತಿಗೆ ವಿದ್ಯಾಶ್ರೀ ಬಂದದ್ದು ಸಣ್ಣದೊಂದು ಜಗಳಕ್ಕೇ. ಅವಳು ಹೈಸ್ಕೂಲಿನ ವಿಜ್ಞಾನ ಟೀಚರು. ಕನ್ನಡದ ಮಕ್ಕಳಿಗೆಂದು ಅಂತರ್ಜಾಲದಲ್ಲಿ ಪುಕ್ಕಟೆ ಪಾಠ ಬರೆಯುವ ನಲವತ್ತು ಶಿಕ್ಷಕರ ಬಳಗವನ್ನು ನೋಡಿಕೊಳ್ಳುತ್ತಿದ್ದವಳೂ ಅವಳೇ. ಬಹುತೇಕರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಬಳಗಕ್ಕೆ ಒಂದು ವಿಚಿತ್ರ ನಿಯಮವಿತ್ತು: ಪಾಠ ಹೊರಗೆ ಹೋಗುವ ಮೊದಲು ಬರೆದವರು ಒಮ್ಮೆ, ಇನ್ನೊಬ್ಬ ಸದಸ್ಯರು ಒಮ್ಮೆ, ಅದನ್ನು ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಬೇಕು. ಕೇಳುವವರು ಎಲ್ಲಿ ತಡೆಯುತ್ತಾರೋ ಅಲ್ಲಿ ಗುರುತು ಹಾಕಬೇಕು. ಪುಟದ ಕೊನೆಯಲ್ಲಿ ಓದಿದವರ ಹೆಸರು, ಕೇಳಿದವರ ಹೆಸರು ಎರಡನ್ನೂ ಬರೆಯಬೇಕು.

ಈ ನಿಯಮ ಮಾಡಿದವರು ಶೇಷಮ್ಮನ ಗಂಡ, ನಿವೃತ್ತ ಮೇಷ್ಟರು ಶಿವಯೋಗಪ್ಪ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾದ ಮೇಲೆ, 'ಓದಿದವರು: ಶೇಷಮ್ಮ. ಕೇಳಿದವರು: ಶಿವಯೋಗಪ್ಪ' ಎಂದೇ ಬರುತ್ತಿತ್ತು. ವಿದ್ಯಾಶ್ರೀ ಮಾತ್ರ ತನ್ನ ಪಾಠಗಳಿಗೆ ಅತ್ತೆ ವೀರಮ್ಮನ ಹೆಸರು ಹಾಕುತ್ತಿದ್ದಳು. ಆ ಅತ್ತೆಗೆ ಅವಳು ಇದುವರೆಗೆ ಒಂದು ಸಾಲನ್ನೂ ಓದಿ ಹೇಳಿರಲಿಲ್ಲ. ಬಿಡುವೆಲ್ಲಿ?

ಈಗ ಕಬ್ಬಿಣದ ಕುಲುಮೆಯ ಬಗ್ಗೆ ಅವಳು ಬರೆದ ಪಾಠಕ್ಕೆ ನಿನ್ನೆ ಬೆಳಿಗ್ಗೆ ಮೇಷ್ಟರ ಗುರುತು ಬಿದ್ದಿತ್ತು: 'ಎರಡನೇ ಪ್ಯಾರಾ. ಇಲ್ಲಿ ತಡೆಯಿತು.' ಅಷ್ಟೇ. ಹತ್ತು ಸಲ ಕಣ್ಣಾಡಿಸಿದರೂ ಅವಳಿಗೆ ತಪ್ಪು ಸಿಕ್ಕಿರಲಿಲ್ಲ. ಪರೀಕ್ಷೆಗೆ ಮೂರೇ ವಾರ ಉಳಿದಿತ್ತು.

"ಮೇಷ್ಟ್ರು ಹೊರಗೆ ಹೋಗಿದ್ದಾರಾ ಅಮ್ಮ? ಅವರನ್ನೇ ಕೇಳೋಣ ಅಂತ ಬಂದೆ."

ಶೇಷಮ್ಮ ನೀರಿನ ಲೋಟ ಇಟ್ಟರು. "ಅವರು ಹೋಗಿ ಹದಿನಾಲ್ಕು ತಿಂಗಳಾಯ್ತಲ್ಲ ಮೇಡಂ."

ವಿದ್ಯಾಶ್ರೀ ಲೋಟಕ್ಕೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. "ಮತ್ತೆ... ನಮಗೆ ಯಾಕೆ ತಿಳಿಸಲಿಲ್ಲ?"

"ಯಾರು ಕೇಳಿದ್ರು? ಪಾಠ ಬರ್ತಿತ್ತು, ಓದ್ತಿದ್ದೆ. ಹೇಗಿದ್ದೀರಿ ಅಂತ ಒಬ್ರೂ ಬರೀಲಿಲ್ಲ. ಕೇಳಿದ್ರೆ ಹೇಳ್ತಿದ್ದೆ."

ಆ ಮಾತಿನಲ್ಲಿ ದೂರಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ನಾಚಿಕೆಯಾಯಿತು.

ಕಾಫಿಗೆಂದು ಶೇಷಮ್ಮ ಮತ್ತೆ ಒಳಗೆ ಹೋದಾಗ ಫೋನು ತೆಗೆದು ನೋಡಿದಳು. ಹದಿನಾಲ್ಕು ತಿಂಗಳಲ್ಲಿ ಮೂವತ್ತೊಂದು ಪಾಠಗಳಿಗೆ ಮೇಷ್ಟರ ಹೆಸರು ಬಿದ್ದಿತ್ತು. ಮೂವತ್ತೊಂದರಲ್ಲಿ ಒಂದು ಗುರುತೂ ಸುಳ್ಳಾಗಿರಲಿಲ್ಲ. ತಡೆದ ಕಡೆಯಲ್ಲೆಲ್ಲ ತಪ್ಪು ಸಿಕ್ಕಿತ್ತು. ಬಳಗಕ್ಕೆ ತಿಳಿಸಿದರೆ, ಕೇಳಿದವರಿಲ್ಲದ ಪಾಠ ಹೊರಗಿರಬಾರದೆಂಬ ನಿಯಮದಂತೆ ಅಷ್ಟನ್ನೂ ಇವತ್ತೇ ಅಂತರ್ಜಾಲದಿಂದ ತೆಗೆಯಬೇಕು, ಮಕ್ಕಳು ಓದುತ್ತಿರುವ ಹೊತ್ತಿನಲ್ಲಿ. ತಿಳಿಸದಿದ್ದರೆ ಸತ್ತವರ ಹೆಸರಿಗೆ ತಾನು ಕಾವಲು ಕೂತಂತೆ. 'ಶಿವಯೋಗಪ್ಪ ಮೇಷ್ಟರು ತೀರಿಕೊಂಡಿದ್ದಾರೆ' ಎಂದು ಬರೆದಳು. ಕಳಿಸುವಷ್ಟರಲ್ಲಿ ಶೇಷಮ್ಮ ಕಾಫಿಯ ಜೊತೆ ಟ್ಯಾಬ್ ಹಿಡಿದು ಬಂದರು.

"ನಿಮ್ದೇ ಬಾಕಿ ಇರೋದು. ಇವತ್ತು ನೀವೇ ಓದಿ, ನಂಗೆ ಗಂಟಲು ಕಟ್ಟಿದೆ."

"ಯಾರಿಗೆ ಓದ್ಲಿ ಅಮ್ಮ?"

ಶೇಷಮ್ಮ ಕುರ್ಚಿಯ ಕಡೆ ನೋಡಿದರು, ಅದೂ ಒಂದು ಪ್ರಶ್ನೆಯೇ ಎಂಬಂತೆ.

ಹಿರಿಯರ ಮನಸ್ಸು ನೋಯಿಸಬಾರದೆಂದು ವಿದ್ಯಾಶ್ರೀ ಓದತೊಡಗಿದಳು. ಮೊದಲ ಪ್ಯಾರಾ ಸರಾಗವಾಗಿ ಮುಗಿಯಿತು. "ಕುಲುಮೆಯೊಳಗೆ ಕೋಕ್ ಎಂಬ ಇಂಧನ ಧಗಧಗ ಉರಿಯುತ್ತದೆ. ಅದಿರು ಕಬ್ಬಿಣವಾಗಿ ಕರಗಿ ಕೆಳಗಿಳಿಯುತ್ತದೆ." ಅಲ್ಲಿ ಅವಳ ದನಿ ತಾನಾಗಿಯೇ ನಿಂತಿತು. ಎದುರಿಗೆ ಯಾರೋ ಮುಖ ಎತ್ತಿದಂತಾಯಿತು.

"ತಡೆದ್ರು," ಎಂದರು ಶೇಷಮ್ಮ ಮೆಲ್ಲಗೆ.

ಫ್ಯಾನು ತಿರುಗುತ್ತಿತ್ತು. ಹೊರಗೆ ಆಟೋ ಒಂದು ಹಾದುಹೋಯಿತು. ಮೂರು ಗಂಟೆಯ ಬಿಸಿಲು ಬಾಗಿಲ ತನಕ ಬಂದಿತ್ತು. ಅಷ್ಟು ಬೆಳಕಿನಲ್ಲೂ ವಿದ್ಯಾಶ್ರೀಗೆ ಹೆದರಿಕೆಯಾಯಿತು.

"ಏನಂತಾರೆ? ನಂಗೆ ಎಲ್ಲಿ ಅಂತ ಮಾತ್ರ ಗೊತ್ತಾಗತ್ತೆ ಮೇಡಂ, ಯಾಕೆ ಅಂತ ಗೊತ್ತಾಗಲ್ಲ. ಏಳನೇ ಕ್ಲಾಸು ನಾನು. ಮೊದಲಾದ್ರೆ ಅವರೇ ಬಾಯಿಬಿಟ್ಟು ಹೇಳೋರು."

"ಅದಿರಿನಲ್ಲಿದ್ದ ಆಕ್ಸಿಜನ್ ಎಲ್ಲಿಗೆ ಹೋಯ್ತು ಅಂತ ಕೇಳ್ತಿದ್ದಾರೆ," ಎಂದಳು ವಿದ್ಯಾಶ್ರೀ. ಹೇಳಿದ ಮೇಲೆಯೇ ತಾನು ಹೇಳಿದ್ದೇನೆಂದು ಅವಳಿಗೆ ತಿಳಿದದ್ದು. ನಡುವೆ ಒಂದು ಹೆಜ್ಜೆಯೇ ಬಿಟ್ಟುಹೋಗಿತ್ತು. ಕೋಕ್ ಉರಿದು ಹುಟ್ಟುವ ಅನಿಲ ಅದಿರಿನ ಆಕ್ಸಿಜನ್ನನ್ನು ಹೊತ್ತೊಯ್ಯುವುದನ್ನು ಎರಡು ಸಾಲಿನಲ್ಲಿ ಸೇರಿಸಿ, ಮತ್ತೆ ಮೊದಲಿನಿಂದ ಓದಿದಳು. ಈ ಸಲ ಎಲ್ಲೂ ತಡೆಯಲಿಲ್ಲ.

ಪುಟದ ಕೊನೆಗೆ ಬಂದಳು. 'ಓದಿದವರು: ವಿದ್ಯಾಶ್ರೀ. ಕೇಳಿದವರು: ವೀರಮ್ಮ.' ಅತ್ತೆಯ ಹೆಸರು ಅಳಿಸಿ, ಒಂದು ಸಲವಾದರೂ ನಿಜ ಇರಲಿ ಎಂದು 'ಶೇಷಮ್ಮ' ಎಂದು ಬರೆದಳು. ಸಮಾಧಾನವೆನಿಸಿತು.

ಶೇಷಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ನನ್ನ ಹೆಸರು ಯಾಕೆ? ನಾನೆಲ್ಲಿ ಕೇಳಿದೆ ಮೇಡಂ? ನಾನು ಅವರ ಮುಖ ನೋಡ್ತಿದ್ದೆ."

ವಿದ್ಯಾಶ್ರೀ ಆ ಹೆಸರನ್ನೂ ಒಂದೊಂದೇ ಅಕ್ಷರವಾಗಿ ಅಳಿಸಿದಳು. ಶೇಷಮ್ಮ ಕಾದರು. 'ಶಿವಯೋಗಪ್ಪ' ಎಂದು ಬರೆದು ಮುಗಿಸಿದ ಮೇಲೆ, ಬಳಗಕ್ಕೆ ಕಳಿಸದೆ ಉಳಿದಿದ್ದ ಸಾಲನ್ನು ತನ್ನ ಫೋನಿನಿಂದ ತೆಗೆದುಹಾಕಿದಳು.

"ಬರ್ತೀನಿ ಅಮ್ಮ," ಎಂದು ಬ್ಯಾಗು ಹೆಗಲಿಗೇರಿಸಿದಳು. ಬಾಗಿಲು ಎದುರಿಗೇ ಇತ್ತು, ನಾಲ್ಕು ಹೆಜ್ಜೆ. ಅವಳು ಸೀರೆಯ ನೆರಿಗೆ ಒತ್ತಿ ಹಿಡಿದು, ಗೋಡೆಗೂ ಕುರ್ಚಿಗೂ ನಡುವಿನ ಇಕ್ಕಟ್ಟಿನಲ್ಲಿ, ಹಿಂದಿನಿಂದ ಸುತ್ತಿಕೊಂಡು ಹೊರಗೆ ಬಂದಳು.