ಮುಕ್ಕಾಲು ಲೋಟ

"ಇನ್ನೂ ಬದುಕಿದಾವೆ," ಎಂದು ಲ್ಯಾಬಿನವಳು ಗಾಜಿನ ಬಿಲ್ಲೆಯನ್ನು ಬೆಳಕಿಗೆ ಹಿಡಿದಳು. ಚೀಸ್ ಕತ್ತರಿಸುವ ಯಂತ್ರವನ್ನು ತೊಳೆದಾದ ಮೇಲೆ ಸಂದಿಯಿಂದ ಒರೆಸಿ ತಂದದ್ದರಲ್ಲಿ ರೋಗಾಣುಗಳು ಬಿಳಿ ಚುಕ್ಕೆಗಳಾಗಿ ಎದ್ದಿದ್ದವು. ಸತತ ಮೂರನೇ ವಾರ ಇದೇ ಕಥೆ.

"ಹೊಸಬಳು ಬಂದ್ಮೇಲೆ ಶುರುವಾಗಿದ್ದು ಇದು," ಎಂದ ಮೇಲ್ವಿಚಾರಕ. "ಉಜ್ಜೋಕೆ ಮೈಗಳ್ಳತನ. ನಾಳೆಯಿಂದ ಬರೋದು ಬೇಡ."

ಎಂಟು ತಿಂಗಳು ಅಲೆದು ಈ ಕೆಲಸ ಹಿಡಿದಿದ್ದ ಹೊಸಬಳು ತಲೆ ತಗ್ಗಿಸಿ ಕೈಗವಸನ್ನು ತಿರುಚುತ್ತಿದ್ದಳು.

"ಉಜ್ಜೋದ್ರಲ್ಲಿ ತಪ್ಪಿಲ್ಲ ಸಾರ್," ಎಂದಳು ಲ್ಯಾಬಿನವಳು. "ಇವು ತೊಳೆಯೋ ಔಷಧಿಗೆ ಪಳಗಿಬಿಟ್ಟಿವೆ. ಲ್ಯಾಬಲ್ಲಿ ಪೂರ್ತಿ ಅಳತೆ ಹಾಕಿ ನೋಡಿದ್ರೂ ಜಗ್ತಿಲ್ಲ. ಸಾಯೋಷ್ಟು ಹಾಕದೆ ವರ್ಷಗಟ್ಲೆ ಸೀನೋಷ್ಟು ಹಾಕಿದ್ರೆ ಹೀಗಾಗತ್ತೆ."

"ಬೆರೆಸೋದು ನಮ್ಮ ದೊಡ್ಡಕ್ಕ. ಅವರ ಕೈ ಅಂದ್ರೆ ತಕ್ಕಡಿ," ಎಂದು ಮೇಲ್ವಿಚಾರಕ ನಕ್ಕ.

ಆ ದೊಡ್ಡಕ್ಕ ಬಾಗಿಲಲ್ಲೇ ನಿಂತಿದ್ದಳು. ಬಕೆಟ್ಟಿಗೆ ಒಂದು ಲೋಟ ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರೂ ಹದಿನೇಳು ವರ್ಷದಿಂದ ಅವಳು ಹಾಕುತ್ತಿದ್ದದ್ದು ಮುಕ್ಕಾಲು. ಅವಳ ನಾದಿನಿಯೂ ಅಲ್ಲೇ ಉಜ್ಜುವವಳು. ಶುರುವಿನಲ್ಲಿ ಪೂರ್ತಿ ಹಾಕುತ್ತಿದ್ದಾಗ ಆ ಘಾಟಿಗೆ ಉಬ್ಬಸ ಎದ್ದು ನಾದಿನಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಉಬ್ಬಸವೆಂದು ಗೊತ್ತಾದರೆ ಮನೆಗೆ ಕಳಿಸುತ್ತಾರೆ. ಕಾಲು ಲೋಟ ತಾನೇ, ಏನು ಮಹಾ ಎಂದುಕೊಂಡಿದ್ದಳು. ಈಗ ಬಾಯಿ ಮುಚ್ಚಿಕೊಂಡರೆ ಹೊಸಬಳು ಹೋಗುತ್ತಾಳೆ, ನಿಜ ಹೇಳಿದರೆ ನಾದಿನಿ ಹೋಗುತ್ತಾಳೆ. ಹೀಗೆ ತೂಗಿ ನೋಡಿದ್ದಕ್ಕೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

"ಮುಕ್ಕಾಲು ಲೋಟ ಹಾಕ್ತಿದ್ದೆ ಸಾರ್. ಇವಳ್ದೇನೂ ತಪ್ಪಿಲ್ಲ."

"ಯಾಕೆ ದೊಡ್ಡಕ್ಕ?" ಮೇಲ್ವಿಚಾರಕನಿಗೆ ನಂಬಲಾಗಲಿಲ್ಲ.

"ಆ ಘಾಟು ನನಗಾಗಲ್ಲ."

ಅವಳ ಹಿಂದೆ ನಿಂತಿದ್ದ ನಾದಿನಿ ಏನೋ ಹೇಳಹೊರಟಳು. ದೊಡ್ಡಕ್ಕ ಹಿಂದಕ್ಕೆ ಕೈ ಚಾಚಿ ಅವಳ ಮುಂಗೈ ಹಿಡಿದಳು.

ಹದಿನೇಳು ವರ್ಷದ ಮುಖ ನೋಡಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಡಬ್ಬ ಅಂಟಿಸುವ ಕಡೆಗೆ ಹಾಕಿದರು. ಮಾರನೆಯ ವಾರ ಬೇರೆ ಔಷಧಿ ಬಂತು, ಹಳೆಯದಕ್ಕಿಂತ ಖಾರ ಘಾಟಿನದು. ಬೆರೆಸುವ ಕೆಲಸ ಹೊಸಬಳ ಪಾಲಿಗೆ ಬಂತು.

ಗಾಜಿನ ಗೋಡೆಯ ಈಚೆಯಿಂದ ದೊಡ್ಡಕ್ಕ ನೋಡುತ್ತಿದ್ದಳು. ಹೊಸಬಳು ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನವರೆಗೆ ತುಂಬಿದಳು, ಸಾಲದೆಂದು ಇನ್ನೆರಡು ಹನಿ ಬಿಟ್ಟಳು. ದೊಡ್ಡಕ್ಕನನ್ನು ಕಂಡು, ಸರಿಯಾಯ್ತಾ ಎಂಬಂತೆ ಲೋಟ ಎತ್ತಿ ತೋರಿಸಿದಳು.

ದೊಡ್ಡಕ್ಕ ತಲೆಯಾಡಿಸಿದಳು. ಹೊಸಬಳ ಹಿಂದೆ ನಾದಿನಿ ಮೂಗಿಗೆ ಬಟ್ಟೆ ಬಿಗಿದು, ಉಸಿರು ಎಳೆದುಕೊಂಡು, ಬ್ರಷ್ ಹಿಡಿದು ಬಗ್ಗಿದಳು.