ಮಗ್ಗದ ಮನೆಯ ಕಿವಿ

ನಾನು ಗಂಟಲು ಹರಿಯುವ ಹಾಗೆ ಮಾತಾಡುತ್ತೇನೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ನಾನು ಎಲ್ಲರ ಹಾಗೇ ಮಾತಾಡುತ್ತೇನೆ. ಉಳಿದವರು ಪಿಸುಗುಟ್ಟಿದರೆ ನಾನೇನು ಮಾಡಲಿ? ಮದುವೆಗೆ ಮುಂಚಿನಿಂದ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ನೇಯುತ್ತಿರುವವಳು ನಾನು. ಅಲ್ಲಿ ಮಗ್ಗಗಳು ಓಡತೊಡಗಿದರೆ ಪಕ್ಕದವಳು ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ನಾವು ದನಿಯ ಗೊಡವೆ ಬಿಟ್ಟು ಬರೀ ತುಟಿ ಆಡಿಸುತ್ತೇವೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಆ ಮೂಲೆಯವಳ ಅತ್ತೆ ಜಗಳ ಈ ಮೂಲೆಗೆ ಸದ್ದಿಲ್ಲದೆ ತಲುಪುತ್ತದೆ.

ಮನೆಯಲ್ಲೂ ಅದೇ ಅಭ್ಯಾಸ. ನನ್ನ ಗಂಡ ಅದೇ ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುತ್ತಾರೆ. ಅವರ ತಾಯಿ, ಅಂದರೆ ನಮ್ಮ ಅತ್ತೆ, ಮಗ್ಗದ ಮುಂದೆಯೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಈಗ ಅವರ ಕಿವಿ ಪೂರ್ತಿ ಹೋಗಿದೆ, ಆದರೆ ನಾನು ಅಡುಗೆಮನೆಯಲ್ಲಿ ಗೊಣಗಿದ್ದು ಇವತ್ತಿನವರೆಗೆ ಒಂದೂ ತಪ್ಪಿಲ್ಲ. ನಮ್ಮಲ್ಲಿ ಒಬ್ಬರು ಬಾಯಿ ತೆರೆದರೆ ಸಾಕು, ಉಳಿದವರೆಲ್ಲ ಥಟ್ಟನೆ ಅತ್ತ ತಿರುಗಿ ತುಟಿ ನೋಡುತ್ತೇವೆ. ಮಗಳೂ ಹಾಗೇ. ನಡೆಯುವುದಕ್ಕೆ ಮುಂಚೆಯೇ ಶೆಡ್ಡಿಗೆ ಬಂದವಳು ಅವಳು.

ಆ ಮಗಳು ಒಂದು ದಿನ ಊಟಕ್ಕೆ ಕೂತಾಗ, ಉಪ್ಪು ಕೇಳಿದಷ್ಟು ಸಲೀಸಾಗಿ, "ನಾನು ಸೈನ್ಯಕ್ಕೆ ಸೇರ್ತೀನಿ" ಅಂದಳು.

ಗಂಡ ತುತ್ತನ್ನು ಕೈಯಲ್ಲೇ ಹಿಡಿದು ಕೂತರು. ಅತ್ತೆ ಮಾತ್ರ ತಲೆಯಾಡಿಸಿದರು. "ಸೇರ್ಲಿ ಬಿಡು. ಬೆಳಗ್ಗೆ ಬೇಗ ಏಳೋದನ್ನಾದ್ರೂ ಕಲೀತಾಳೆ."

ಸೇರುವುದೇನೋ ಸರಿ, ಆದರೆ ಯಾವ ಕೆಲಸಕ್ಕೆ? ಸೈನ್ಯ ಅಂದರೆ ಬಂದೂಕು ಹಿಡಿದು ನಿಲ್ಲುವುದಷ್ಟೇ ಅಂದುಕೊಂಡಿದ್ದೆ ನಾನು. ಹಾಗಲ್ಲವಂತೆ. ಅಡುಗೆಯವರಿಂದ ಹಿಡಿದು ಗಾಡಿ ರಿಪೇರಿಯವರವರೆಗೆ ಅಲ್ಲಿ ನೂರೆಂಟು ಕೆಲಸಗಳು. ಸೇರುವಾಗಲೇ ಒಂದನ್ನು ಆರಿಸಿಕೊಂಡು ಅದರ ಪರೀಕ್ಷೆ ಪಾಸು ಮಾಡಬೇಕು. ಇನ್ನು ಕೇಳಬೇಕೆ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

"ಗಾಡಿ ರಿಪೇರಿ ತಗೋ" ಅಂದರು ಗಂಡ. "ಸ್ಪ್ಯಾನರ್ ಹಿಡಿಯೋದು ನಮ್ಮ ರಕ್ತದಲ್ಲೇ ಇದೆ." ಹಿಂದಿನ ವಾರವಷ್ಟೇ ಇದೇ ರಕ್ತ ನನ್ನ ಮಿಕ್ಸಿ ಬಿಚ್ಚಿ ಜೋಡಿಸಿ, ಉಳಿದ ಮೂರು ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡಿತ್ತು.

"ಅಡುಗೆಗೆ ಹಾಕು" ಅಂದರು ಅತ್ತೆ. "ಎಂಥಾ ಶೂರನಾದ್ರೂ ಹೊಟ್ಟೆ ಹಸಿದ್ರೆ ಸೌಟು ಹಿಡಿದವರ ಮುಂದೇನೇ ನಿಲ್ಬೇಕು."

"ಸ್ಟೋರು ನೋಡ್ಕೊಳ್ಳೋ ಕೆಲಸ ಇರುತ್ತಂತೆ" ಅಂದೆ ನಾನು. "ನೆರಳಲ್ಲಿ ಕೂತು ಬೂಟು, ಕಂಬಳಿ ಕೊಡೋದು. ಬಿಸಿಲಿಲ್ಲ, ಗುಂಡಿಲ್ಲ."

ಮಗಳು ಮೂವರ ತುಟಿಯನ್ನೂ ಸರದಿಯಲ್ಲಿ ನೋಡಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. "ನಂಗೆ ವೈರ್‌ಲೆಸ್ ಬೇಕು. ಸಿಗ್ನಲ್ ವಿಭಾಗ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು, ಎಲ್ಲೋ ದೂರದಲ್ಲಿರೋರ ಮಾತು ಕೇಳಿ, ತಲುಪಬೇಕಾದೋರಿಗೆ ತಲುಪಿಸೋದು. ಸಿಕ್ಕಿದ್ರೆ ಅದು. ಇಲ್ಲಾಂದ್ರೆ ವಾಪಸ್ ಬಂದು ಮಗ್ಗದ ಮುಂದೆ ನಿಲ್ತೀನಿ."

ಕಿವಿಯ ಕೆಲಸವೇ ಬೇಕೇ ಇವಳಿಗೆ? ನಮ್ಮ ಮನೆಯಲ್ಲಿ ಎಲ್ಲವೂ ಇದೆ, ಕಿವಿಯೊಂದು ಬಿಟ್ಟು. ಶೆಡ್ಡಿನಲ್ಲಿ ಬೆಳೆದ ಹುಡುಗಿಯ ಕಿವಿ ಎಷ್ಟು ಉಳಿದಿದೆಯೋ ಯಾರಿಗೆ ಗೊತ್ತು? ಕರೆದರೆ ತಿರುಗುತ್ತಾಳೆ, ನಿಜ. ಆದರೆ ನನ್ನ ದನಿಗೆ ತಿರುಗದವರು ಯಾರು? ಸುಡುಗಾಡಿನಲ್ಲಿ ಮಲಗಿರುವವರೂ ಎದ್ದು ಕೂರುತ್ತಾರೆ ಅನ್ನುತ್ತಾರೆ ನನ್ನ ಗಂಡ.

ಆ ಹೆದರಿಕೆಯನ್ನು ನುಂಗಿಕೊಂಡೇ ತಯಾರಿಗೆ ನಿಂತೆವು. ಎಷ್ಟು ಚೆಂದದ ದಿನಗಳು ಅವು! ಬೆಳಗ್ಗೆ ಮಗಳು ಬೆನ್ನಿಗೆ ನೂಲಿನ ಚೀಲ ಕಟ್ಟಿಕೊಂಡು ಗೋದಾಮಿನ ಸುತ್ತ ಓಡುವಳು. ಹಿಂದೆ ಸೈಕಲ್ ಮೇಲೆ ಅಪ್ಪ ಪೀಪಿ ಊದುತ್ತಾ ಬರುವರು. ಅದು ಕೂಗುತ್ತಿದೆಯೋ ಇಲ್ಲವೋ ಅವರಿಗೇ ಗೊತ್ತಾಗದೆ, ಸತ್ತುಹೋದ ಪೀಪಿಯನ್ನು ಒಂದು ವಾರ ಊದಿದರು. ಸಂಜೆ ಮಾಳಿಗೆಯ ಮೇಲೆ ದಂಡ ಹೊಡೆಯುವುದು. ಎಣಿಸುವ ಕೆಲಸ ಅತ್ತೆಯದು. ನಡುವೆ ಪಕ್ಕದ ಮನೆಯವಳ ತುಟಿ ಕಂಡರೆ ಅವರ ಗಮನ ಅತ್ತ ಹೋಗಿ, "ಎಲ್ಲಿಗೆ ಬಂದಿದ್ವಿ? ಹಾಳಾಗ್ಲಿ, ಒಂದರಿಂದ ಶುರು ಮಾಡು" ಅನ್ನುವರು. ಮಗಳ ತೋಳು ಗಟ್ಟಿಯಾದದ್ದು ಆ ಮರೆವಿನಿಂದಲೇ.

ಭರ್ತಿಯ ದಿನ ನಾನೇ ಜೊತೆಗೆ ಹೋದೆ. ಉದ್ದನೆಯ ಕಟ್ಟಡ, ಕಾರಿಡಾರಿನಲ್ಲಿ ಬೆಂಚುಗಳು, ಪ್ರತಿ ಬಾಗಿಲಿಗೂ ಗಾಜು. ಓಟದಲ್ಲಿ ಮಗಳು ನಗುನಗುತ್ತಲೇ ಗೆದ್ದು ಬಂದಳು. ಆಮೇಲೆ ಕಿವಿ ಪರೀಕ್ಷೆಗೆ ಒಳಗೆ ಕರೆದರು. ನಾನು ಹೊರಗೆ ಗಾಜಿಗೆ ಮೂಗು ಒತ್ತಿ ನಿಂತೆ.

ಡಾಕ್ಟರು ಅವಳನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಹಿಂದಿನಿಂದ ಒಂದು ಮಾತು ಪಿಸುಗುಟ್ಟಿದರು. ಅವಳು ತಿರುಗದೆಯೇ ಅದನ್ನು ಮತ್ತೆ ಹೇಳಬೇಕು. ಇವಳೋ ಗಿರಕ್ಕನೆ ತಿರುಗಿ ಅವರ ಬಾಯಿ ನೋಡಿದಳು. ಡಾಕ್ಟರು ಭುಜ ಹಿಡಿದು ಮತ್ತೆ ಗೋಡೆಗೆ ತಿರುಗಿಸಿದರು. ಮತ್ತೆ ಪಿಸುಮಾತು, ಮತ್ತೆ ಗಿರಕ್. ತಪ್ಪು ಅವಳದಲ್ಲ, ಹುಟ್ಟಿದಾಗಿನಿಂದ ಬಂದ ಚಾಳಿ. ಕೊನೆಗೆ ಡಾಕ್ಟರು ಪಕ್ಕದ ಸಹಾಯಕನ ಕಡೆ ವಾಲಿ ಅಂದದ್ದು ಗಾಜಿನಾಚೆಯಿಂದ ನನಗೆ ಸ್ಪಷ್ಟವಾಗಿ ಕಂಡಿತು: "ಪಾಪ, ಕಿವಿ ಮಂದ. ತುಟಿ ನೋಡಿ ಹೇಳ್ತಿದಾಳೆ. ಸಿಗ್ನಲ್‌ಗೆ ಆಗಲ್ಲ."

ಬಾಗಿಲು ತಳ್ಳಿದವಳೇ ಒಳಗೆ ನುಗ್ಗಿದೆ. "ಆಗುತ್ತೆ ಡಾಕ್ಟ್ರೇ! ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತೆ!"

ಡಾಕ್ಟರು ತಮ್ಮ ಎರಡೂ ಕಿವಿ ಮುಚ್ಚಿಕೊಂಡರು. "ಅಮ್ಮಾ, ಯಾಕೆ ಕಿರುಚ್ತೀರಿ?"

"ನಾನೆಲ್ಲಿ ಕಿರುಚಿದೆ? ಮೆಲ್ಲಗೆ ಹೇಳ್ದೆ."

"ಬಾಗಿಲು ಮುಚ್ಚಿತ್ತು. ನಾನು ಅಂದಿದ್ದು ನಿಮಗೆ ಹೇಗೆ ಕೇಳಿಸ್ತು?"

"ಕೇಳಿಸ್ಲಿಲ್ಲ, ಕಾಣಿಸ್ತು" ಅಂದು ಶೆಡ್ಡಿನ ಕಥೆ, ತುಟಿಯ ಕಥೆ, ಮಾತು ಬಂದ ಕಡೆ ಮುಖ ತಿರುಗುವ ನಮ್ಮ ಮನೆಯ ರೋಗ, ಎಲ್ಲವನ್ನೂ ಒದರಿದೆ. "ಅವಳ ಕಣ್ಣು ಕಟ್ಟಿ ನೋಡಿ ಸಾರ್, ಆಮೇಲೆ ಹೇಳಿ." ಬಾಯಿ ಇಷ್ಟು ಧೈರ್ಯವಾಗಿ ಹೇಳುತ್ತಿತ್ತು, ಹೊಟ್ಟೆಯೊಳಗೆ ಮಾತ್ರ ನನಗೇ ನಂಬಿಕೆ ಇರಲಿಲ್ಲ.

ಡಾಕ್ಟರು ಬ್ಯಾಂಡೇಜು ಬಟ್ಟೆಯಿಂದ ಅವಳ ಕಣ್ಣು ಕಟ್ಟಿದರು. ಕೋಣೆಯ ತುದಿಗೆ ಹೋಗಿ ಪಿಸುಗುಟ್ಟಿದರು, ನನಗೆ ಕಂಡದ್ದು ಬರೀ ತುಟಿ: "ಬಿಳೀ ಕುದುರೆ."

"ಬಿಳೀ ಕುದುರೆ" ಅಂದಳು ಮಗಳು.

"ಮುರಿದ ಛತ್ರಿ." ಅದನ್ನೂ ಅಂದಳು. ಡಾಕ್ಟರು ಹುಬ್ಬೇರಿಸಿ, ಸಹಾಯಕನ ಕಿವಿಯ ಹತ್ತಿರ ಬಗ್ಗಿ, "ಟೀ ಬಂತೇನಪ್ಪಾ?" ಅಂದರು.

"ಟೀ ಬಂತೇನಪ್ಪಾ" ಅಂದಳು ಮಗಳು ಗಂಭೀರವಾಗಿ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಕ್ಕೆನೋ ಅತ್ತೆನೋ ತಿಳಿಯದು, ಸೆರಗಂತೂ ಒದ್ದೆಯಾಗಿತ್ತು. ಮಗ್ಗ ನನ್ನ ಮಗಳ ಕಿವಿ ಮುಟ್ಟಿರಲಿಲ್ಲ.

ಉಳಿದದ್ದು ಸಿಗ್ನಲ್ ಪರೀಕ್ಷೆ. ಹೆಡ್‌ಫೋನಿನಲ್ಲಿ ಬೇಕೆಂದೇ ಗರಗರ ಸದ್ದು ತುಂಬಿ, ಅದರೊಳಗೆ ಒಂದು ಸಂದೇಶ ಹೇಳಿಸುತ್ತಾರೆ, ಕೇಳಿ ಬರೆಯಬೇಕು. ಒಳಗೆ ಹೋದ ಹುಡುಗರೆಲ್ಲ ಕಿವಿ ಉಜ್ಜಿಕೊಳ್ಳುತ್ತಾ ಸಪ್ಪೆ ಮುಖದಲ್ಲಿ ಹೊರಗೆ ಬಂದರು. ಮಗಳ ಸರದಿ ಬಂತು. ನಾನು ಮತ್ತೆ ಗಾಜಿಗೆ ಅಂಟಿಕೊಂಡೆ. ಅವಳು ಹೆಡ್‌ಫೋನ್ ಹಾಕಿಕೊಂಡು, ಬರೆಯುತ್ತಲೇ ತುಟಿಯಲ್ಲಿ ಅದನ್ನು ಆಡಿಕೊಳ್ಳುತ್ತಿದ್ದಳು. ನನಗೆ ಖುಷಿ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸಿನ ಕೈ ಹಿಡಿದು ಗುಟ್ಟಾಗಿ ಅಂದೆ: "ಸಿಕ್ತು ಕಣ್ರೀ ಅವಳಿಗೆ! ಸೇತುವೆ ದಾಟಬೇಡಿ, ನೀರಿನ ಲಾರಿ ಶಾಲೆ ಹಿಂದೆ ನಿಲ್ಲಿಸಿ!"

ಕಾರಿಡಾರಿನಲ್ಲಿ ಕಾಯುತ್ತಿದ್ದವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ಒಬ್ಬನಂತೂ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ನನ್ನಂಥವರನ್ನು ನೋಡಿಯೇ.

ಪರೀಕ್ಷೆ ನಡೆಸುತ್ತಿದ್ದ ಅಧಿಕಾರಿಣಿ ಬಾಗಿಲು ತೆರೆದು ನಿಂತರು. ನೆಟ್ಟನೆಯ ಬೆನ್ನು, ನಗು ಇಲ್ಲದ ಮುಖ. "ಸಂದೇಶ ಹಾಳಾಯ್ತು. ಇವಳು ಬರೆದಿದ್ದು ಲೆಕ್ಕಕ್ಕಿಲ್ಲ. ಇನ್ನೊಂದು ಕೊಡ್ತೀನಿ, ಸದ್ದೂ ಹೆಚ್ಚಿಸ್ತೀನಿ. ಅಮ್ಮಾ, ನೀವು ಗೋಡೆ ಕಡೆ ಮುಖ ಮಾಡಿ ಕೂತ್ಕೊಳ್ಳಿ. ತಿರುಗಬಾರ್ದು."

ಕೂತೆ. ಎದುರಿಗೆ ಬರೀ ಸುಣ್ಣದ ಗೋಡೆ. ಒಳಗೆ ಏನಾಗುತ್ತಿದೆಯೋ ಕಾಣುವುದಿಲ್ಲ, ಕೇಳಿಸುವ ಮಾತಂತೂ ದೂರವೇ ಉಳಿಯಿತು. ಕೈಗೆ ಬಂದ ತುತ್ತನ್ನು ನಾನೇ ತಟ್ಟಿ ಬೀಳಿಸಿದೆನಲ್ಲ! ಈ ಸಲ ತಪ್ಪಿದರೆ ಅವಳು ವಾಪಸ್ ಬಂದು ಮಗ್ಗದ ಮುಂದೆ ನಿಲ್ಲುತ್ತಾಳೆ, ಒಂದು ಮಾತೂ ಆಡುವುದಿಲ್ಲ, ಅದೇ ನನಗೆ ಶಿಕ್ಷೆ. ಜೀವನದಲ್ಲಿ ಮೊದಲ ಸಲ ತುಟಿ ಬಿಗಿಹಿಡಿದು ಕೂತೆ.

ಹೆಗಲ ಮೇಲೆ ಕೈ ಬಿತ್ತು. ತಿರುಗಿದೆ. ಮಗಳು ನಿಂತಿದ್ದಳು, ಹಿಂದೆ ಅಧಿಕಾರಿಣಿ. ಮಗಳು ದನಿ ತೆಗೆಯಲಿಲ್ಲ. ಶೆಡ್ಡಿನಲ್ಲಿ ಆಡುವ ಹಾಗೆ ಬರೀ ತುಟಿಯಲ್ಲಿ ಅಂದಳು: "ಸಿಗ್ನಲ್ ಸಿಕ್ತು ಅಮ್ಮ. ಆ ಗಲಾಟೆ ನಮ್ಮ ಶೆಡ್ಡಿನ ಅರ್ಧದಷ್ಟೂ ಇರ್ಲಿಲ್ಲ. ನಿಮ್ಮೆಲ್ಲರ ನಡುವೆ ಬೆಳೆದೋಳಿಗೆ ಇದೆಲ್ಲ ಒಂದು ಸದ್ದಾ?"

ಇಷ್ಟು ವರ್ಷ ಆ ಶೆಡ್ಡು ನಮ್ಮಿಂದ ಕಿತ್ತುಕೊಂಡದ್ದನ್ನಷ್ಟೇ ಲೆಕ್ಕ ಹಾಕಿದ್ದೆ. ಅದು ನನ್ನ ಮಗಳಿಗೆ ಏನೋ ಕೊಟ್ಟೂ ಇತ್ತು.

"ಏನಂದ್ಲು ಮಗಳು?" ಅಂದರು ಅಧಿಕಾರಿಣಿ. ಅವರಿಗೆ ಒಂದಕ್ಷರವೂ ಕೇಳಿಸಿರಲಿಲ್ಲ.

"ನಮ್ಮನೆ ಮಾತು ಮೇಡಂ" ಅಂದೆ. ಆಮೇಲೆ ಹೊಟ್ಟೆಯಲ್ಲಿ ಉಳಿಯದೆ, ಅವರ ಕಿವಿಯ ಹತ್ತಿರ ಬಗ್ಗಿ ಆದಷ್ಟು ಮೆಲ್ಲಗೆ, ಎಲ್ಲವನ್ನೂ ಹೇಳಿದೆ.

ಕಾರಿಡಾರಿನ ಆ ತುದಿಯಿಂದ ಈ ತುದಿಯವರೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು.